ಮೂರನೇ ಪಿಸ್ಟನ್ನು

ಅಳಿಯ ಷಟರಿಗೆ ಒದ್ದ. ಮೊದಲನೇ ಒದೆಗೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಫ್ಯಾನ್ ಬೆಲ್ಟುಗಳು ಅಲ್ಲಾಡಿದವು. ಎರಡನೆಯದಕ್ಕೆ ನನ್ನ ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಮೂರನೆಯದಕ್ಕೆ ಮೊಮ್ಮಗಳು ಸದ್ದಿಲ್ಲದೆ ಮೇಜಿನ ಕೆಳಗೆ ಹೋಗಿ ಕೂತಳು. ನಾಲ್ಕು ವರ್ಷದ ಕೂಸು. ಯಾವ ಸದ್ದಿಗೆ ಎಲ್ಲಿ ಅಡಗಬೇಕೆಂದು ಅದಕ್ಕೆ ಆಗಲೇ ಗೊತ್ತಿತ್ತು.

"ಅತ್ತೆ! ತೆಗೀರಿ. ಒಳಗಿದೀರ ಅಂತ ಗೊತ್ತು."

ಬೆಳಗಿನ ಹನ್ನೊಂದು ಗಂಟೆ. ಮಳೆ ನಿಂತಿತ್ತು, ರಸ್ತೆಯ ನೀರು ಇಳಿದಿರಲಿಲ್ಲ. ಈ ಶೆಡ್ಡು ನನ್ನದು. ಇಪ್ಪತ್ತಾರು ವರ್ಷದಿಂದ ಇಲ್ಲಿ ಎಂಜಿನ್ ಬಿಚ್ಚಿ ಕಟ್ಟುತ್ತಿದ್ದೇನೆ, ಬೀದಿಯವರೆಲ್ಲ ಗ್ಯಾರೇಜಮ್ಮ ಅನ್ನುತ್ತಾರೆ. ಶೆಡ್ಡಿನ ಹಿಂದೆ ಎರಡು ಕೋಣೆ, ಅದೇ ಮನೆ. ಹನ್ನೊಂದು ದಿನದ ಹಿಂದೆ ಮಗಳು ಎಡಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಬಂದಿದ್ದಳು. ಬಚ್ಚಲಲ್ಲಿ ಜಾರಿದೆ ಅಂದಳು. ನಾನು ಹೂಂ ಅಂದೆ. ಹೂಂ ಅನ್ನಬಾರದಿತ್ತು.

ಷಟರ್ ಎತ್ತಿದೆ. ಅಳಿಯ ತೊಡೆಯವರೆಗೆ ಒದ್ದೆಯಾಗಿ ನಿಂತಿದ್ದ. ಹಿಂದೆ ಅವನ ಬಿಳಿ ಕಾರು, ಅದನ್ನು ತಳ್ಳಿಕೊಂಡು ಬಂದಿದ್ದ ಇಬ್ಬರು ದಾರಿಹೋಕರು. ಅವರು ನನ್ನ ಮಗಳ ಮುಖ ನೋಡಿದರು, ಇವನ ಮುಖ ನೋಡಿದರು, ಮೂತಿ ರಸ್ತೆಯ ಕಡೆಗಿರುವಂತೆ ಕಾರನ್ನು ಶೆಡ್ಡಿನೊಳಗೆ ತಳ್ಳಿ, ಕೈ ಒರೆಸಿಕೊಂಡು ಹೊರಟೇಹೋದರು.

"ಸೇತುವೆ ಕೆಳಗೆ ನೀರಿತ್ತು. ಮಧ್ಯಕ್ಕೆ ಬಂದಾಗ ಧಡ್ ಅಂತ ನಿಂತೋಯ್ತು," ಎಂದ. "ಸರಿ ಮಾಡಿ. ಇವರಿಬ್ರನ್ನೂ ಕರ್ಕೊಂಡು ಹೋಗಕ್ಕೆ ಬಂದಿದೀನಿ."

"ಆಮೇಲೆ ಎಷ್ಟು ಸಲ ಸೆಲ್ಫ್ ಹೊಡೆದ್ರಿ?"

"ಹತ್ತು ಸಲ ಹೊಡ್ದಿರ್ಬೇಕು. ಟಕ್ ಅನ್ನುತ್ತೆ, ತಿರುಗಲ್ಲ."

ನೀರು ಕುಡಿದ ಎಂಜಿನ್ನಿಗೆ ಒಂದು ಸಲ ಸೆಲ್ಫ್ ಹೊಡೆಯುವುದೂ ತಪ್ಪು. ಪಿಸ್ಟನ್ ಮೇಲಕ್ಕೆ ಬರುವಾಗ ಅದರ ತಲೆಯ ಮೇಲೆ ಗಾಳಿಯಿದ್ದರೆ ಒತ್ತಿದಷ್ಟೂ ಒತ್ತಿಸಿಕೊಳ್ಳುತ್ತದೆ. ನೀರಿದ್ದರೆ ಒಂದು ಕೂದಲೆಳೆಯಷ್ಟೂ ಜಗ್ಗುವುದಿಲ್ಲ. ಆಗ ಪಿಸ್ಟನ್ನನ್ನು ಕೆಳಗಿನಿಂದ ತಳ್ಳುತ್ತಿರುವ ರಾಡು ಬಗ್ಗುತ್ತದೆ.

ಇದೆಲ್ಲ ಗೊತ್ತಿದ್ದವಳು ಬಾನೆಟ್ ತೆಗೆದು ನೋಡಬೇಕಿತ್ತು. ನಾನು ನೋಡಲಿಲ್ಲ. ಕಾರು ಸರಿಯಾದರೆ ಮಗಳು ಅದರಲ್ಲಿ ಹೋಗುತ್ತಾಳೆ, ಕೂಸೂ ಹೋಗುತ್ತದೆ. ತಲೆಯಲ್ಲಿ ಇದ್ದದ್ದು ಅಷ್ಟೇ.

"ಎಂಜಿನ್ ಹೋಗಿದೆ, ಅಳಿಯಂದ್ರೇ," ಅಂದೆ. "ಪೂರ್ತಿ ಇಳಿಸ್ಬೇಕು. ಹದಿನೈದು ದಿನ ಆಗತ್ತೆ. ನೀವು ಬಸ್ಸಲ್ಲಿ ಹೊರಡಿ. ಅಲ್ಲಿವರೆಗೂ ಇವರಿಬ್ರೂ ಇಲ್ಲೇ ಇರ್ಲಿ."

ಕೊನೆಯ ಮಾತು ಆಡದಿದ್ದರೆ ನಂಬುತ್ತಿದ್ದನೋ ಏನೋ. ಅವನು ಮೊಬೈಲು ತೆಗೆದು ಅವನ ಊರಿನ ಯಾರೋ ಮೆಕ್ಯಾನಿಕ್‌ಗೆ ಹಚ್ಚಿದ. ನಡೆದದ್ದು ಹೇಳಿ, ನನಗೆ ಕೇಳಲೆಂದು ಸ್ಪೀಕರಿಗೆ ಹಾಕಿದ.

"ಬಾನೆಟ್ ತೆಗೆದು ನೋಡಿದ್ರಾ ಅವ್ರು?" ಎಂದಿತು ಆ ಕಡೆಯ ದನಿ.

"ಇಲ್ಲ."

"ತೆಗೀದೇನೇ ಎಂಜಿನ್ ಹೋಗಿದೆ ಅಂದ್ರಾ? ಒಳ್ಳೇ ದಿವ್ಯದೃಷ್ಟಿ ಮಾರಾಯ. ಪ್ಲಗ್ ಬಿಚ್ಚಿ, ನೀರು ಉಗುಳಿಸಿ, ಒಣಗಿಸಿ ಹಾಕಕ್ಕೆ ಹೇಳು. ಒಂದು ಗಂಟೆ ಕೆಲಸ."

ಅಳಿಯ ಮೊಬೈಲು ಜೇಬಿಗಿಟ್ಟ. ನನ್ನ ಕಡೆ ಬರುತ್ತಾನೆಂದು ನಾನು ಮೈ ಬಿಗಿ ಹಿಡಿದೆ. ಅವನು ನನ್ನನ್ನು ದಾಟಿ ಹೋಗಿ ಮಗಳ ಕೆನ್ನೆಗೆ ಬಾರಿಸಿದ. ಅವಳು ಟೂಲ್ ಬಾಕ್ಸಿನ ಮೇಲೆ ಬಿದ್ದಳು. ಸಾಕೆಟ್ಟುಗಳು ನೆಲದ ತುಂಬ ಉರುಳಾಡಿದವು. ಸುಳ್ಳು ಹೇಳಿದ್ದು ನಾನು, ಏಟು ಬಿದ್ದದ್ದು ಅವಳಿಗೆ.

"ನೀವೊಂದು ಸುಳ್ಳು ಹೇಳಿ, ಅವಳಿಗೊಂದು ಬೀಳತ್ತೆ. ಲೆಕ್ಕ ಸುಲಭ, ಅಲ್ವಾ ಅತ್ತೆ?"

ಸದ್ದಿಗೆ ಪಕ್ಕದ ಶೆಡ್ಡಿನ ವೆಲ್ಡರ್ ಬಂದು ಬಾಗಿಲಲ್ಲಿ ಇಣುಕಿದ. ಬಾಗಿಲಿನಷ್ಟೇ ಅಗಲದ ಆಳು, ಮನಸ್ಸು ಮೊಲದ್ದು. "ಅಕ್ಕ, ಏನಾದ್ರೂ ಬೇಕಿತ್ತಾ?"

"ಇದು ಮನೆ ವಿಷಯ," ಎಂದ ಅಳಿಯ. "ನೀನು ಹೋಗಿ ನಿನ್ನ ಕಿಡಿ ನೋಡ್ಕೋ."

ವೆಲ್ಡರ್ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನು ಹೋದ.

ಅಳಿಯ ಮೇಜಿನ ಕೆಳಗೆ ಬಗ್ಗಿ ಕೂಸಿನ ಕಾಲು ಹಿಡಿದು ಎಳೆದ. ಸ್ಟೂಲಿನ ಮೇಲೆ ಕೂತು ತೊಡೆಯ ಮೇಲೆ ಕೂರಿಸಿಕೊಂಡ. ಕೂಸನ್ನು ನಾನು ನಟ್ಟು ಅಂತ ಕರೆಯುತ್ತೇನೆ, ಎಲ್ಲಿ ಬಿದ್ದರೂ ಉರುಳಿಕೊಂಡು ಹೋಗಿ ಎಲ್ಲೋ ಸೇರಿಕೊಳ್ಳುತ್ತದೆ ಅಂತ. ಈಗ ಅವನ ಮುಷ್ಟಿಯೊಳಗೆ ಅದರ ಪುಟ್ಟ ಮಣಿಕಟ್ಟು ಕಾಣುತ್ತಲೇ ಇರಲಿಲ್ಲ.

"ಶುರು ಮಾಡಿ," ಎಂದ. "ಏಯ್, ನೀನು ಎದ್ದು ಬಟ್ಟೆ ತುಂಬ್ಕೋ."

ಮಗಳು ಎದ್ದಳು. ತುಟಿ ಒಡೆದಿತ್ತು. "ಬಿಡಮ್ಮ," ಎಂದಳು ನನ್ನ ಹತ್ತಿರ ಹಾಯುವಾಗ. "ಸರಿ ಮಾಡಿ ಕೊಟ್ಬಿಡು. ನಾನು ಹೋಗ್ತೀನಿ. ಮಗು ಮೇಲೆ ಕೈ ಮಾಡದಿದ್ರೆ ಸಾಕು."

ಬಾನೆಟ್ ಎತ್ತಿದೆ. ಏರ್ ಫಿಲ್ಟರಿನ ಮುಚ್ಚಳ ತೆಗೆದರೆ ಒಳಗಿನ ಕಾಗದ ನೆನೆದು ಅಂಬಲಿಯಾಗಿತ್ತು. ಎತ್ತಿ ಬಿಸಾಡಿದೆ. ಆಯಿಲ್ ಕಡ್ಡಿ ಎಳೆದು ನೋಡಿದೆ, ಹಾಲು ಬೆರೆತ ಬಣ್ಣವಿರಲಿಲ್ಲ. ನೀರು ಆಯಿಲ್ಲಿಗೆ ಇಳಿದಿಲ್ಲ, ಮೇಲೆಯೇ ಕೂತಿದೆ. ಪ್ಲಗ್ಗುಗಳ ತಲೆಯ ಮೇಲಿನ ಕಾಯಿಲ್ ಕಿತ್ತು, ನಾಲ್ಕು ಪ್ಲಗ್ಗನ್ನೂ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮೂರನೆಯ ರಂಧ್ರದ ಬಾಯಿಯವರೆಗೂ ಕೆಸರು ನೀರು ತುಂಬಿತ್ತು.

ಇಂಥ ಕೆಲಸಕ್ಕೆ ನಮ್ಮ ಶೆಡ್ಡಿನಲ್ಲಿ ಒಂದೇ ನಿಯಮ. ಎಂಜಿನ್ ಮೇಲೆ ಬಗ್ಗಿದವರು 'ಹೊಡಿ' ಎನ್ನುವವರೆಗೆ ಕೀಲಿ ಹಿಡಿದವರು ಕೈ ಅಲ್ಲಾಡಿಸಬಾರದು. ನಾನು ನೀರಿನ ಮಟ್ಟ ನೋಡಲು ಮುಖ ಬಗ್ಗಿಸಿದ್ದೆ. ಅಳಿಯ ಕೂಸನ್ನು ಕಂಕುಳಲ್ಲಿ ಇರುಕಿಕೊಂಡು, ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿದ.

ನಾಲ್ಕು ರಂಧ್ರದಿಂದಲೂ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಬರೀ ನೀರಲ್ಲ, ಮರಳು, ಪೆಟ್ರೋಲು. ಬಲಗಣ್ಣಿಗೆ ಕಾದ ಸೂಜಿ ಚುಚ್ಚಿದ ಹಾಗಾಗಿ ಹಿಂದಕ್ಕೆ ಬಿದ್ದೆ, ತಲೆ ನೆಲಕ್ಕೆ ಬಡಿಯಿತು. ಅವನು ನಗುತ್ತಿದ್ದ.

"ನೋಡಿದ್ರಾ, ತಿರುಗ್ತಿದೆ! ಹದಿನೈದು ದಿನ ಅಂತೆ!"

ಸೆರಗಿನಿಂದ ಕಣ್ಣು ಒತ್ತಿಕೊಂಡು ಎದ್ದೆ. ಇನ್ನು ನಾನು ಮಾಡಿದ್ದನ್ನು ಸರಿಯಾಗಿ ಹೇಳಬೇಕು. ಪ್ಲಗ್ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಈ ಕೈ ಅಷ್ಟಕ್ಕೆ ನಿಲ್ಲುವುದಿಲ್ಲ. ನನ್ನ ಅಪ್ಪ ಕಲಿಸಿದ ಪರೀಕ್ಷೆ ಒಂದಿದೆ. ನೀರು ಕುಡಿದ ಗಾಡಿಯನ್ನು ಅದು ಮಾಡದೆ ನಾನು ಇದುವರೆಗೆ ಹೊರಗೆ ಬಿಟ್ಟವಳಲ್ಲ. ಸೈಕಲ್ ಚಕ್ರದ ಒಂದು ಕಡ್ಡಿ ತೆಗೆದುಕೊಂಡು ಪ್ಲಗ್ಗಿನ ರಂಧ್ರದಲ್ಲಿ ಇಳಿಸಬೇಕು. ಕೆಳಗೆ ಬೆಲ್ಟು ಸುತ್ತುವ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಿಂದ ನಿಧಾನ ತಿರುಗಿಸಬೇಕು. ಪಿಸ್ಟನ್ ಮೇಲೆ ಬಂದಂತೆ ಕಡ್ಡಿ ಮೇಲೆ ಬರುತ್ತದೆ. ತೀರಾ ಮೇಲೆ ಬಂದಾಗ ಉಗುರು ಬಣ್ಣದಲ್ಲಿ ಒಂದು ಗೆರೆ. ನಾಲ್ಕೂ ಪಿಸ್ಟನ್ನು ಒಂದೇ ಗೆರೆಗೆ ಬರಬೇಕು.

ಒಂದನೆಯದು ಬಂತು. ನಾಲ್ಕು ಬಂತು. ಎರಡು ಬಂತು. ಮೂರನೆಯದು ಗೆರೆಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗೇ ನಿಂತಿತು.

ಮತ್ತೆ ತಿರುಗಿಸಿದೆ. ಕಣ್ಣು ಉರಿಯುತ್ತಿದೆ, ತಪ್ಪಿರಬಹುದು ಅಂತ ಎಡಗಣ್ಣಿನಲ್ಲಿ ನೋಡಿದೆ. ಮೂರನೇ ಸಲ ಬೆರಳಿನಿಂದ ಮುಟ್ಟಿ ನೋಡಿದೆ. ಅದೇ ಅಕ್ಕಿಕಾಳು. ಅಲ್ಲಿಗೂ ಒಂದು ಗೆರೆ ಎಳೆದೆ.

ಮೂರನೇ ರಾಡು ಬಗ್ಗಿತ್ತು. ಹೀಗೆ ಬಗ್ಗಿದ ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ ಕೂಡ. ಹತ್ತು ಮೈಲಿ ಓಡಬಹುದು, ಐವತ್ತು ಓಡಬಹುದು. ಹೆದ್ದಾರಿಯಲ್ಲಿ ವೇಗ ಹಿಡಿದಾಗ ರಾಡು ತುಂಡಾಗುತ್ತದೆ, ಎಂಜಿನ್ ಕಚ್ಚಿಕೊಳ್ಳುತ್ತದೆ, ಮುಂದಿನ ಚಕ್ರ ನಿಂತುಬಿಡುತ್ತದೆ. ಹಿಂದೆ ಲಾರಿ ಬರುತ್ತಿರುತ್ತದೆ. ಹಾಗೆ ಹೋದ ಒಂದು ಕಾರನ್ನು ನಾನೇ ಗರಗಸದಿಂದ ಕೊಯ್ದು ಬಿಡಿಸಿದ್ದೇನೆ. ಒಳಗೆ ಇದ್ದವರ ಬಗ್ಗೆ ಹೇಳಲಾರೆ.

ಹೇಳಬೇಕಾದ ಸುಳ್ಳನ್ನು ಆಗಲೇ ಹೇಳಿ ಮುಗಿಸಿದ್ದೆ. ಈಗ ಅದೇ ಮಾತು ನಿಜವಾಗಿ ಬಂದು ಎದುರಿಗೆ ನಿಂತಿತ್ತು.

"ಅಳಿಯಂದ್ರೇ, ಬನ್ನಿ ಇಲ್ಲಿ. ನೀವೇ ನೋಡಿ. ಮೂರನೇದು ಬಗ್ಗಿದೆ. ಇದನ್ನ ರಸ್ತೆಗೆ ತರಬಾರದು."

"ಮತ್ತೆ ಶುರು ಆಯ್ತಾ?"

"ಈಗ ಹೇಳ್ತಿರೋದು ನಿಜ. ಬೇರೆ ಯಾರನ್ನಾದ್ರೂ ಕರೆಸಿ ತೋರ್ಸಿ. ಮೊದಲು ಹೇಳಿದ್ದು ಸುಳ್ಳು, ಒಪ್ಕೋತೀನಿ. ಕಾಲಿಗೆ ಬೀಳ್ಲಾ?"

"ಪ್ಲಗ್ ಹಾಕಿ."

"ಹಾಕಲ್ಲ."

ಬಟ್ಟೆಯ ಮೇಲಿದ್ದ ನಾಲ್ಕು ಪ್ಲಗ್ಗನ್ನು ಬಲಗೈಯಲ್ಲಿ ಬಾಚಿ ಮುಷ್ಟಿ ಮಾಡಿಕೊಂಡೆ. ಅವನು ಕೂಸನ್ನು ಇಳಿಸಿದ, ಗೋಡೆಗೆ ಒರಗಿಸಿದ್ದ ವೀಲ್ ಸ್ಪ್ಯಾನರ್ ತೆಗೆದ, ನನ್ನ ಮಣಿಕಟ್ಟಿನ ಮೇಲೆ ಹೊಡೆದ. ಒಂದೇ ಏಟು. ಒಣಕಟ್ಟಿಗೆ ಮುರಿದ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು.

ಪ್ಲಗ್ಗುಗಳನ್ನು ಅವನೇ ಆರಿಸಿ, ಅವನೇ ತಿರುಗಿಸಿ ಹಾಕಿದ. ಕಾಯಿಲ್ ಚುಚ್ಚಿದ. ಅಷ್ಟು ಕೆಲಸ ಅವನಿಗೆ ಬರುತ್ತಿತ್ತು. ಅಷ್ಟು ಮಾತ್ರ ಬರುತ್ತಿತ್ತು.

"ಬಾರೇ. ಕೂತ್ಕೋ."

ಮಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈ ನೋಡಿದಳು. ಆಮೇಲೆ ಕಾರಿನ ಫೆಂಡರ್ ಮೇಲೆ ಬಿದ್ದಿದ್ದ ಸೈಕಲ್ ಕಡ್ಡಿ ಎತ್ತಿಕೊಂಡಳು. ಹನ್ನೆರಡನೇ ವಯಸ್ಸಿಗೇ ಈ ಪರೀಕ್ಷೆ ಕಲಿತವಳು. ಬಣ್ಣದ ಎರಡು ಗೆರೆಯ ನಡುವಿನ ಜಾಗಕ್ಕೆ ಹೆಬ್ಬೆರಳಿನ ಉಗುರು ಇಟ್ಟು ನೋಡಿದಳು.

"ಮೂರನೇದಾ?"

"ಹೂಂ."

"ಎಷ್ಟು ಸಲ ನೋಡಿದೆ?"

"ಮೂರು ಸಲ."

ಅವಳು ಚೀಲ ಕೆಳಗೆ ಹಾಕಿದಳು. "ನಾನು ಕೂರಲ್ಲ," ಎಂದಳು ಗಂಡನಿಗೆ. "ಮಗುನೂ ಕೂರಲ್ಲ. ನೀವು ಬೇಕಾದ್ರೆ ಹೋಗಿ ಸಾಯ್ರಿ."

ಮದುವೆಯಾದ ಆರು ವರ್ಷದಲ್ಲಿ ಅವಳು ಅವನಿಗೆ ಇಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವನಿಗೂ ಅದೇ ಮೊದಲಿರಬೇಕು. ಆಮೇಲೆ ಅವಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಕಾರಿನ ಕಡೆ ಎಳೆದ. ಅವಳು ಕಾಲು ಊರಿದಳು. ಅವನು ಅವಳ ತಲೆಯನ್ನು ಕಾರಿನ ಬಾಗಿಲ ಚೌಕಟ್ಟಿಗೆ ಬಡಿದ. ಮತ್ತೊಮ್ಮೆ ಬಡಿದ. ಬಿಳಿ ಬಣ್ಣದ ಮೇಲೆ ಕೆಂಪು ಇಳಿಯಿತು.

"ಬಿಡೋ ಅವಳನ್ನ! ಬಿಡೋ, ನಾಯಿ!"

ಆರು ವರ್ಷ ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ ಎಂದ ಬಾಯಿ ಇದೇ. ಎಡಗೈಗೆ ಸಿಕ್ಕಿದ ರಿಂಗ್ ಸ್ಪ್ಯಾನರ್ ಬೀಸಿದೆ, ಅವನ ಭುಜಕ್ಕೆ ಬಿತ್ತು. ಅವನು ತಿರುಗಿ ನನ್ನ ಹೊಟ್ಟೆಗೆ ಒದ್ದ. ನಾನು ಟೈರುಗಳ ಗುಡ್ಡೆಗೆ ಹೋಗಿ ಬಿದ್ದೆ. ಉಸಿರು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಮಗಳು ನೆಲದ ಮೇಲೆ ಕುಸಿದಿದ್ದಳು. ಅವನು ಅವಳನ್ನು ದಾಟಿ, ಕೂಸನ್ನು ಎತ್ತಿ ಹಿಂದಿನ ಸೀಟಿಗೆ ಎಸೆದು ಬಾಗಿಲು ಹಾಕಿದ.

"ನೀನು ಬರ್ಬೇಡ. ಇವಳನ್ನ ತಗೊಂಡು ಹೋಗ್ತೀನಿ. ಇವಳಿಗೋಸ್ಕರ ತೆವಳ್ಕೊಂಡು ಬರ್ತೀಯ, ನೋಡ್ತಿರು."

ಮುಂದೆ ಕೂತ. ನಾಲ್ಕೂ ಬಾಗಿಲಿಗೆ ಲಾಕ್ ಬಿದ್ದ ಸದ್ದು ಕೇಳಿಸಿತು. ಸೆಲ್ಫ್ ಹೊಡೆದ. ಎರಡು ಸಲ ಕೆಮ್ಮಿ ಎಂಜಿನ್ ಹತ್ತಿಕೊಂಡಿತು. ಒಳಗಿನಿಂದ ಟಕ ಟಕ ಟಕ ಎಂಬ ಸಣ್ಣ ಬಡಿತ. ಅದು ಅವನಿಗೆ ಕೇಳಿಸಲಿಲ್ಲ. ನನಗೂ ನನ್ನ ಮಗಳಿಗೂ ಕೇಳಿಸಿತು.

"ಓಡ್ತಿದೆಯಲ್ಲೇ ಮುದುಕಿ!" ಎಂದು ಕಿಟಕಿಯಿಂದ ಕೂಗಿ ಆಕ್ಸಿಲರೇಟರ್ ಒತ್ತಿದ. "ಬಾನೆಟ್ ಹಾಕು!"

ಬಾನೆಟ್ ಇನ್ನೂ ಮೇಲೆ ಎದ್ದೇ ಇತ್ತು. ಅದು ಎದ್ದಿರುವವರೆಗೆ ಅವನಿಗೆ ರಸ್ತೆ ಕಾಣುವುದಿಲ್ಲ, ನಾನೂ ಕಾಣುವುದಿಲ್ಲ. ಒಂದೋ ನಾನು ಹಾಕಬೇಕು, ಇಲ್ಲ ಅವನೇ ಇಳಿದು ಬಂದು ಹಾಕಬೇಕು. ಅವನು ಇಳಿಯುವಷ್ಟು ಹೊತ್ತು ನನಗಿತ್ತು.

ಯೋಚನೆ ಮಾಡಿದೆನೇ ಎಂದು ಆಮೇಲೆ ಎಷ್ಟೋ ಜನ ಕೇಳಿದರು. ಮಾಡಿದೆ. ಕೂಸು ಹಿಂದಿನ ಸೀಟಿನಲ್ಲಿದೆ, ಎಂಜಿನ್ನಿಗೂ ಅದಕ್ಕೂ ನಡುವೆ ತಗಡಿನ ಗೋಡೆ, ಡ್ಯಾಶ್‌ಬೋರ್ಡು, ಅದರ ಅಪ್ಪ. ಒಡೆದರೆ ಪಕ್ಕಕ್ಕೆ ಒಡೆಯುತ್ತದೆ, ಕೆಳಕ್ಕೆ ಒಡೆಯುತ್ತದೆ. ಗಾಡಿ ನಿಂತಿದೆ, ಓಡುತ್ತಿಲ್ಲ. ಒಡೆಯುವುದಾದರೆ ಇಲ್ಲೇ ಒಡೆಯಲಿ. ಅಷ್ಟು ಯೋಚನೆ ಮಾಡಿದೆ.

ನಲ್ಲಿಯ ಕೆಳಗೆ ಕೈ ತೊಳೆಯುವ ಬಕೆಟ್ಟು ತುಂಬಿತ್ತು. ಎದ್ದು, ಮುರಿದ ಕೈಯನ್ನು ಎದೆಗೆ ಒತ್ತಿ, ಎಡಗೈಯಲ್ಲಿ ಅದನ್ನು ಎತ್ತಿಕೊಂಡೆ. ಫಿಲ್ಟರ್ ಕಿತ್ತ ಪೆಟ್ಟಿಗೆ ಬಾಯಿ ತೆರೆದುಕೊಂಡೇ ಇತ್ತು, ಗಾಳಿ ಎಳೆದುಕೊಳ್ಳುವ ದಪ್ಪ ಕೊಳವೆ ಸುಯ್ಯೆಂದು ಉಸಿರಾಡುತ್ತಿತ್ತು. ಇಪ್ಪತ್ತಾರು ವರ್ಷ ಎಂಜಿನ್ನುಗಳ ಹೊಟ್ಟೆಯಿಂದ ನೀರು ತೆಗೆದವಳು ಅದರ ಬಾಯಿಗೆ ಬಕೆಟ್ಟು ಬಗ್ಗಿಸಿದೆ.

ಅದು ಗಟಗಟ ಕುಡಿಯಿತು. ಒಂದು ಕ್ಷಣ ಏನೂ ಆಗಲಿಲ್ಲ.

ಆಮೇಲೆ ಆದ ಸದ್ದಿಗೆ ಶೆಡ್ಡಿನ ತಗಡು ನಡುಗಿತು. ಇಡೀ ಕಾರು ನೆಲ ಬಿಟ್ಟು ಎದ್ದು ಕೂತಂತಾಯಿತು. ಎಂಜಿನ್ನಿನ ಪಕ್ಕೆ ಒಡೆದು, ಮುರಿದ ರಾಡು ಗೇಣುದ್ದ ಹೊರಗೆ ಬಂದು ನಿಂತಿತು. ಬಿಸಿ ಆಯಿಲ್ಲು ನನ್ನ ಕಾಲಿನ ಮೇಲೆ, ಗೋಡೆಯ ಮೇಲೆ, ನೆಲದ ತುಂಬ. ಕಬ್ಬಿಣದ ಒಂದು ಚೂರು ಕಿವಿಯ ಪಕ್ಕ ಹಾದು ಮೇಜಿನ ಕಾಲಿಗೆ ನಾಟಿತು. ಆಮೇಲೆ ಮೌನ. ಆ ಮೌನದಲ್ಲಿ ಕೂಸಿನ ಅಳು. ಇಷ್ಟು ಹೊತ್ತು ಅದು ಅತ್ತಿರಲೇ ಇಲ್ಲ.

ಅಳಿಯ ಬಾಗಿಲು ತೆರೆದು ಹಾರಿದ. ಆಯಿಲ್ಲಿನ ಮೇಲೆ ಕಾಲಿಟ್ಟು ಜಾರಿ ಮಂಡಿಯೂರಿದ, ಎದ್ದ, ನನ್ನ ಕುತ್ತಿಗೆ ಹಿಡಿದು ಒಡೆದ ಎಂಜಿನ್ನಿನ ಮೇಲೆ ಬಗ್ಗಿಸಿದ. "ಕೊಂದ್ಯಲ್ಲೇ! ನನ್ನ ಗಾಡಿ ಕೊಂದ್ಯಲ್ಲೇ!" ಬೆನ್ನಿಗೆ ಕಾದ ಕಬ್ಬಿಣ ತಾಗಿತು. ಅವನ ಎರಡು ಹೆಬ್ಬೆರಳೂ ಗಂಟಲೊಳಗೆ ಇಳಿಯುತ್ತಿದ್ದವು. ಕಣ್ಣಿಗೆ ಕತ್ತಲು ಕವಿಯುತ್ತಿದ್ದಾಗ ಅವನ ಹಿಂದೆ ಮಗಳು ಕಂಡಳು. ಮುಖ ಪೂರ್ತಿ ರಕ್ತ. ಪಟ್ಟಿ ಕಟ್ಟಿದ ಕೈಯನ್ನೂ ಸೇರಿಸಿ ಎರಡೂ ಕೈಯಲ್ಲಿ ಜಾಕಿಯ ರಾಡು ಹಿಡಿದಿದ್ದಳು.

ತಲೆಗೆ ಹೊಡೆಯಲಿಲ್ಲ. ಮಂಡಿಯ ಹಿಂಭಾಗಕ್ಕೆ ಹೊಡೆದಳು. ಅವನು ಬಿದ್ದಾಗ ಇನ್ನೊಂದು ಮಂಡಿಗೆ ಹೊಡೆದಳು. ಏಳಲು ಕೈ ಊರಿದಾಗ ಆ ಕೈಗೆ ಹೊಡೆದಳು. ಪ್ರತಿ ಏಟಿಗೂ ಬಾಯಲ್ಲಿ ಏನೋ ಎಣಿಸುತ್ತಿದ್ದಳು, ನನಗೆ ಕೇಳಿಸಲಿಲ್ಲ.

"ಸಾಕು! ಸಾಕಮ್ಮ, ಸತ್ತು ಹೋಗ್ತಾನೆ!"

ಕೂಗಿದ್ದು ವೆಲ್ಡರ್. ಗುರುತು ಸಿಗಬಾರದೆಂದು ಮುಖಕ್ಕೆ ವೆಲ್ಡಿಂಗ್ ಮಾಸ್ಕ್ ಹಾಕಿಕೊಂಡೇ ಬಂದಿದ್ದ ಪುಣ್ಯಾತ್ಮ. ಇಡೀ ಬೀದಿಯಲ್ಲಿ ಅಷ್ಟು ಅಗಲದ ಮನುಷ್ಯ ಇನ್ನೊಬ್ಬನಿಲ್ಲ. ಮಗಳ ಕೈಯಿಂದ ರಾಡು ಮೆಲ್ಲಗೆ ಬಿಡಿಸಿಕೊಂಡು, ಅಳಿಯನ ಬೆನ್ನ ಮೇಲೆ ಹೋಗಿ ಕೂತ. "ತಡ ಆಯ್ತು ಅಕ್ಕ. ಮಾಸ್ಕ್ ಸಿಗ್ಲಿಲ್ಲ," ಎಂದ. ಮಾಸ್ಕಿನೊಳಗೆ ಅಳುತ್ತಿದ್ದನೆಂದು ಕಾಣುತ್ತದೆ, ದನಿ ಒದ್ದೆಯಾಗಿತ್ತು.

ಮಗಳು ಕೂಸನ್ನು ಇಳಿಸಿಕೊಂಡಳು. ಪೊಲೀಸರಿಗೆ ಅವಳೇ ಫೋನ್ ಮಾಡಿದಳು. ನಾನು ಮಾಡುತ್ತೇನೆಂದರೆ ಬೇಡ ಎಂದಳು.

ಬಂದವರಲ್ಲಿ ಒಬ್ಬಳು ಹೆಂಗಸು, ನನ್ನ ವಯಸ್ಸಿನವಳು. ಅಳಿಯನನ್ನು ಇಬ್ಬರು ಎತ್ತಿ ಜೀಪಿಗೆ ಹಾಕುವಾಗಲೂ ಅವನು ಗಾಡಿಯ ಮಾತೇ ಆಡುತ್ತಿದ್ದ. ಆಕೆ ಕಾರಿನ ಸುತ್ತ ಒಂದು ಸುತ್ತು ಬಂದು, ಹೊರಗೆ ಚಾಚಿದ ರಾಡನ್ನು ನೋಡಿ, ಪುಸ್ತಕ ತೆರೆದಳು.

"ಎಂಜಿನ್ನಿಗೆ ನೀರು ಹೇಗೆ ಹೋಯ್ತು?"

"ಎರಡು ಸಲ ಹೋಯ್ತು," ಅಂದೆ. "ಮೊದಲನೇದು ಅವನು. ಎರಡನೇದು ನಾನು. ಬರ್ಕೊಳ್ಳಿ."

"ಬೇಕಂತಲೇ ಹಾಕಿದ್ರಾ?"

"ಬೇಕಂತಲೇ."

"ಹೀಗಂದ್ರೆ ನಿಮ್ಮ ಮೇಲೂ ಕೇಸ್ ಆಗತ್ತಮ್ಮ."

"ಆಗ್ಲಿ."

ಆಕೆ ಬರೆದುಕೊಂಡಳು. ನನ್ನ ಕೈ ನೋಡಿ ಮೊದಲು ಆಸ್ಪತ್ರೆಗೆ ಹೋಗಿ ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ನಿಂದೂ ಹೇಳ್ಬೇಕಮ್ಮ. ಇವತ್ತು ಏನೇನಾಯ್ತು?" ಎಂದು ಕೇಳಿದಳು.

ಮಗಳು ಟೈರಿನ ಮೇಲೆ ಕೂತಿದ್ದಳು, ಕೂಸು ಅವಳ ಕುತ್ತಿಗೆಗೆ ಅಂಟಿಕೊಂಡಿತ್ತು.

"ಇವತ್ತಿಂದು ಮಾತ್ರ ಹೇಳ್ಬೇಕಾ, ಮೊದಲಿಂದ ಹೇಳ್ಬೇಕಾ?"

ಪೊಲೀಸಮ್ಮ ಬರೆಯುತ್ತಿದ್ದ ಹಾಳೆ ಮಗುಚಿ ಹೊಸದೊಂದು ತೆಗೆದಳು. ಸ್ಟೂಲು ಎಳೆದುಕೊಂಡು ಕೂತಳು.

"ಮೊದಲಿಂದ."

ವೆಲ್ಡರ್ ನನ್ನ ಕೈಗೆ ಎರಡು ರಟ್ಟಿನ ತುಂಡು ಇಟ್ಟು ಬಟ್ಟೆ ಸುತ್ತಿ, "ನಡೀರಿ ಅಕ್ಕ, ಆಟೋ ನಿಲ್ಸಿದೀನಿ," ಎಂದು ಎರಡು ಸಲ ಕರೆದ. ನಾನು ಏಳಲಿಲ್ಲ. ಅವಳು ಹೇಳತೊಡಗಿದ್ದು ಮದುವೆಯ ನಾಲ್ಕನೇ ದಿನದಿಂದ. ಅದರಲ್ಲಿ ಮುಕ್ಕಾಲು ಪಾಲು ನಾನೂ ಆವತ್ತೇ ಮೊದಲು ಕೇಳುತ್ತಿದ್ದೆ.